ಹಿಂದಿನ ಗಾಲಿಯ ಸದ್ದು

"ಸಾವಕಾಶ್ರೆಪಾ, ಮೊಣಕಾಲು ಬಾಗಲಕ್ಕ ತಾಕ್ತಾವ!" ಎಂದು ಡ್ರೈವರು ಸಂಕಪ್ಪ ಕೂಗಿದ.

ನಾಲ್ಕು ಮಂದಿ ಸೇರಿ ಹೊಳಬಸಪ್ಪ ಮಿಸ್ತ್ರಿಯ ದೇಹವನ್ನು ಮೋಟಾರಿನ ಹಿಂದಿನ ಸೀಟಿಗೆ ಏರಿಸುತ್ತಿದ್ದರು. ಕುಳ್ಳಿರಿಸಿಯೇ ಮಣ್ಣು ಮಾಡುವ ಪದ್ಧತಿಯವರು. ಹಾಗಾಗಿ ಬೆಳಗಿನ ಜಾವವೇ ಸ್ನಾನ ಮಾಡಿಸಿ, ಮೈಗೆಲ್ಲ ವಿಭೂತಿ ಬಳಿದು, ಪದ್ಮಾಸನ ಹಾಕಿಸಿ ಗೋಡೆಗೆ ಆನಿಸಿ ಇಟ್ಟಿದ್ದರು. ರುದ್ರಭೂಮಿ ದೂರ, ಹೆಗಲು ಕೊಡುವವರು ಕಡಿಮೆ. ಮೋಟಾರಿನ ಮೇಲ್ಛಾವಣಿ ಮಡಚಿ, ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದರು.

ಮಲಕಪ್ಪ ಸ್ಟೇರಿಂಗಿನ ಹಿಂದೆ ಮುಂದಕ್ಕೆ ನೋಡುತ್ತ ಕೂತಿದ್ದ. ಮೋಟಾರು ಅವನದೇ. ಬದುಕಿದ್ದಾಗ ಮಿಸ್ತ್ರಿ ಒಂದು ದಿನವೂ ಹಿಂದೆ ಕೂತವನಲ್ಲ. ಮುಂದೆಯೇ ಕೂತು, ಕಿವಿಯನ್ನು ಹೊರಗೆ ಚಾಚಿ ಗಾಡಿಯ ಸದ್ದು ಕೇಳುತ್ತಿದ್ದ. ಈಗ ಕನ್ನಡಿಯಲ್ಲಿ ಅವನ ಬಿಳಿ ಹಣೆ ಕಾಣಿಸಿತು. ಮಲಕಪ್ಪ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದ. ಆಗ ಕಿವಿ ಕಾಣಿಸಿತು.

ಮೂರು ವಾರದ ಹಿಂದೆ, ಪುಣೆಯ ಭವಾನಿ ಪೇಠೆಯಲ್ಲಿ, ಮಿಸ್ತ್ರಿಯ ಮೋಟಾರು ರಿಪೇರಿಯ ಇದೇ ಶೆಡ್ಡಿನ ಮುಂದೆ, ಬಾಡಿಗೆ ಮೋಟಾರಿನ ಅಡ್ಡೆಯ ಹತ್ತು ಮಂದಿ ಡ್ರೈವರುಗಳ ಎದುರಿಗೆ, ಅವನು ಈ ಮನುಷ್ಯನನ್ನು ಕಳ್ಳ ಎಂದಿದ್ದ. ನಿನ್ನೆ ಸಂಜೆ ಮಿಸ್ತ್ರಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ರಾತ್ರಿಯೇ ಅವನ ಹೆಂಡತಿ ಕಲ್ಲವ್ವ ಹೇಳಿ ಕಳಿಸಿದ್ದಳು: "ಅವರು ಕಡೀಕ ಕೈ ಹಚ್ಚಿದ್ದು ನಿಮ್ಮ ಗಾಡೀಗೆ. ಅದರಾಗ ಹೋಗ್ಲಿ." ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ, ಎಷ್ಟು ಯೋಚಿಸಿದರೂ ಮಲಕಪ್ಪನಿಗೆ ತಿಳಿಯಲಿಲ್ಲ.

ಕಲ್ಲವ್ವ ಒಳಗಿನಿಂದ ಒಂದು ಬಿಳಿ ಅರಿವೆ ತಂದಳು. "ಇದರೀಲೆ ಸೀಟಿಗೆ ಕಟ್ರಿ. ಜೋಲಿ ಹೋಗಬಾರದು."

"ಹೊಸಾ ಅರಿವಿ ಅದಲ್ಲ ಯಕ್ಕಾ, ತುದಿ ಯಾಕ ಹರದದ?" ಎಂದ ಸಂಕಪ್ಪ.

"ಹರದವರು ಅವರ. ಮಲಕಪ್ಪನವರ ಗಾಡಿ ಮದವಿ ಮಂದಿನ್ನ ಕರ್ಕೊಂಡು ಹೊಂಟದ, ಸೀಟಿಗೆ ಎಣ್ಣಿ ಹತ್ತಬಾರದು ಅಂತ ಹಳೇ ಸಾಮಾನು ಘಾಸಲೇಟಿನ್ಯಾಗ ತೊಳದು, ಇದರಾಗಿಂದ ಒಂದ ತುಂಡು ಹರದು ಕಟ್ಟಿ ಇಟ್ರು. ನಾ ಬೈದಿದ್ದೆ." ಅವಳು ಅರಿವೆಯನ್ನು ಸಂಕಪ್ಪನ ಕೈಗಿಟ್ಟಳು.

ಮಲಕಪ್ಪ ತಿರುಗಿ ನೋಡಿದ. ಅರಿವೆಯ ಅಂಚಿನಲ್ಲಿ ಎರಡು ಹಸಿರು ಎಳೆ. ಆ ಎರಡು ಎಳೆಯನ್ನು ಮೂರು ವಾರದಿಂದ ಅವನು ದಿನಾ ಬೆಳಿಗ್ಗೆ ನೋಡುತ್ತಿದ್ದ, ತನ್ನ ಮನೆಯ ದೇವರ ಜಗಲಿಯ ಮೇಲೆ.

*

ಆರು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ, ವಿಜಾಪುರದ ಮಲಕಪ್ಪ ರವಿವಾರ ಪೇಠೆಯ ಅರಿವೆ ಅಂಗಡಿಯ ಗುಮಾಸ್ತಿಕೆ ಬಿಟ್ಟು, ಹೆಂಡತಿಯ ಬಂಗಾರ ಮಾರಿ, ಹಳೆಯ ಮೋಟಾರೊಂದನ್ನು ಕೊಂಡು ಬಾಡಿಗೆಗೆ ಓಡಿಸತೊಡಗಿದ. ಮೋಟಾರಿನ ವಿದ್ಯೆಯಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದದ್ದು ಹಾರ್ನು ಒತ್ತುವುದೊಂದೇ. ಮೊದಲ ವರ್ಷ ದಂಡಿನ ಪ್ರದೇಶವಾದ ಕ್ಯಾಂಪಿನ ಗ್ಯಾರೇಜಿನವರು ಅವನನ್ನು ನುಣ್ಣಗೆ ಬೋಳಿಸಿದರು. ಬಿಲ್ಲಿನಲ್ಲಿ ಏನೇನೋ ಹೆಸರುಗಳು, ಕೇಳಿದರೆ ನಗುತ್ತಿದ್ದರು.

ತನ್ನ ಕಡೆಯ ಮಾತಾಡುವ ಮಿಸ್ತ್ರಿಯೊಬ್ಬ ಭವಾನಿ ಪೇಠೆಯಲ್ಲಿದ್ದಾನೆಂದು ಕೇಳಿ ಆ ಬಿಲ್ಲುಗಳನ್ನೆಲ್ಲ ಹೊತ್ತುಕೊಂಡು ಹೋದ. ಹೊಳಬಸಪ್ಪ ಬಿಲ್ಲುಗಳನ್ನು ನೋಡಲೇ ಇಲ್ಲ. ಎರಡು ಬೇರಿಂಗು ತಂದು ಅವನ ಎರಡೂ ಅಂಗೈಯಲ್ಲಿ ಇಟ್ಟ. ಅಂಗೈಯಗಲದ ಉಕ್ಕಿನ ಬಳೆ, ಒಳಗೆ ಗುಂಡುಗಳು.

"ಕಣ್ಣು ಮುಚ್ಚಿ ಬೆರಳೀಲೆ ತಿರುವ್ರಿ."

ಒಂದು ತುಪ್ಪ ಸವರಿದ ಹಾಗೆ ಸದ್ದಿಲ್ಲದೆ ತಿರುಗಿತು. ಇನ್ನೊಂದರೊಳಗೆ ಉಸುಕು ಸಿಕ್ಕಿದಂತೆ ಕರ್ ಕರ್ ಎಂದಿತು.

"ಇಷ್ಟ ನೋಡ್ರಿ ಬಿಲ್ಲು ಓದೂದಂದ್ರ," ಎಂದ ಹೊಳಬಸಪ್ಪ. "ಮಿಸ್ತ್ರಿ ಬರದದ್ದು ಬರೇ ಕಾಗದ. ಬಿಚ್ಚಿದ ಹಳೇ ಸಾಮಾನು ಕೇಳ್ರಿ. ಅದು ನಿಮ್ಮದು, ಅವಂದಲ್ಲ. ಕೈಯಾಗ ಹಿಡದು ನೋಡ್ರಿ. ಹಳೇದು ತೋರಸಲಿಲ್ಲ ಅಂದ್ರ ರೊಕ್ಕ ಕೊಡಬ್ಯಾಡ್ರಿ. ನನಗೂ ಕೊಡಬ್ಯಾಡ್ರಿ."

ಅಂದಿನಿಂದ ಪ್ರತಿ ಸಲ ಡ್ರೈವರನ ಸೀಟಿನ ಕೆಳಗೆ ಹಳೆಯ ಸಾಮಾನು, ಎಣ್ಣೆ ಕುಡಿದ ಮರಾಠಿ ಪತ್ರಿಕೆಯಲ್ಲಿ ಸುತ್ತಿಕೊಂಡು, ಬಿಲ್ಲಿನ ಜೊತೆಗೇ ಬರುತ್ತಿತ್ತು. ಮಲಕಪ್ಪ ಅಡ್ಡೆಯ ಡ್ರೈವರುಗಳಿಗೆಲ್ಲ ಈ ವಿದ್ಯೆ ಹೇಳಿಕೊಟ್ಟ, ತಾನೇ ಕಂಡುಹಿಡಿದವನ ಗತ್ತಿನಲ್ಲಿ.

ಈ ವರ್ಷ ಹಿಂದಿನ ಗಾಲಿ ಊಳಿಡತೊಡಗಿತು. ಹೊಳಬಸಪ್ಪ ಬೇರಿಂಗು ಬದಲಿಸಿದ. ಹದಿನೆಂಟು ರೂಪಾಯಿ ಬಿಲ್ಲು. ಅದೇ ಬೆಳಿಗ್ಗೆ ಸೊಲ್ಲಾಪುರದ ಲಿಂಗಾಯತ ಬೀಗರ ಮದುವೆಗೆ ಬಾಡಿಗೆಯಿತ್ತು. ಸಂಜೆ ಮೋಟಾರು ಗುಡಿಸುತ್ತಿದ್ದ ಅವನ ಹೆಂಡತಿ ಪಾರವ್ವ ಹಿಂದಿನ ಸೀಟಿನ ಕೆಳಗಿನಿಂದ ಒಂದು ಗಂಟು ಎತ್ತಿಕೊಂಡಳು. ಅಂಗೈಯಲ್ಲಿ ಹಿಡಿಯುವಷ್ಟು, ದುಂಡಗೆ, ಭಾರವಾಗಿ, ಶುಭ್ರ ಬಿಳಿ ಅರಿವೆಯಲ್ಲಿ ಬಿಗಿದು ಕಟ್ಟಿದ್ದು.

"ಅಯ್ಯ ಶಿವನ! ಯಾರೋ ಹಿರೇರ ಶಿವದಾರ ಹರದು ಲಿಂಗ ಬಿದ್ದದ ನೋಡ್ರಿ. ಪಾಪ, ಅವರು ಊಟಾ ಸೈತ ಮಾಡಿರಾಕಿಲ್ಲ."

"ಜಗಲಿ ಮ್ಯಾಲೆ ಇಡು. ಹುಡಿಕ್ಕೊಂಡು ಬರ್ತಾರ," ಎಂದಿದ್ದ ಮಲಕಪ್ಪ. ಇನ್ನೊಬ್ಬರ ಲಿಂಗದ ಗಂಟನ್ನು ಬಿಚ್ಚುವ ಮಾತೇ ಇಲ್ಲ. ಪಾರವ್ವ ಅದಕ್ಕೆ ವಿಭೂತಿ ಹಚ್ಚಿ ಹೂ ಏರಿಸಿದಳು.

ಮರುದಿನ ಕ್ಯಾಂಪಿನ ಮಿಸ್ತ್ರಿಯೊಬ್ಬ ಅವನ ತಲೆಯಲ್ಲಿ ಹುಳು ಬಿಟ್ಟ: ಗ್ರೀಸು ತುಂಬಿದರೂ ಹದಿನೈದು ದಿನ ಸದ್ದು ನಿಲ್ಲುತ್ತದೆ, ಹಳೆಯದನ್ನು ತೋರಿಸಿದನೇನು? ಮಲಕಪ್ಪ ತನ್ನ ಸೀಟಿನ ಕೆಳಗೆ ನೋಡಿದ. ಪತ್ರಿಕೆಯ ಪೊಟ್ಟಣ ಇರಲಿಲ್ಲ. ನೇರ ಶೆಡ್ಡಿಗೆ ಹೋದ. ಡ್ರೈವರುಗಳೆಲ್ಲ ಚಹಾ ಕುಡಿಯುತ್ತಿದ್ದರು.

"ಗಾಡಿಯಾಗ ಇಟ್ಟೀನ್ರಿ. ಹಿಂದ," ಎಂದ ಹೊಳಬಸಪ್ಪ.

"ಹಿಂದ ಮುಂದ ಎಲ್ಲಾ ನೋಡೇನಿ. ಎಲ್ಲದ ತೋರಸ್ರಿ! ಗ್ರೀಸು ಮೆತ್ತಿ ಬೇರಿಂಗಿನ ರೊಕ್ಕ ತಗೊಳ್ಳೂದು ಕಳ್ಳರ ಕೆಲಸ."

ಹೊಳಬಸಪ್ಪ ಬಿಲ್ಲನ್ನು ಹರಿದು ಎರಡು ತುಂಡು ಮಾಡಿದ. "ಹಳೇದು ಸಿಗಲಿಲ್ಲ ಅಂದಮ್ಯಾಗ ನೀವು ರೊಕ್ಕ ಕೊಡಬಾರದು. ನಾನ ಹೇಳಿದ ಮಾತು."

ಮಲಕಪ್ಪ ಅದನ್ನು ತಪ್ಪೊಪ್ಪಿಗೆ ಎಂದುಕೊಂಡ. ಡ್ರೈವರುಗಳೂ ಹಾಗೆಯೇ ತಿಳಿದು ಬೇರೆ ಮಿಸ್ತ್ರಿಗಳನ್ನು ಹಿಡಿದರು.

ಹದಿನೈದು ದಿನ ಕಳೆದರೂ ಗಾಲಿ ಸದ್ದು ಮಾಡಲಿಲ್ಲ. ಅವತ್ತೇ ಮಲಕಪ್ಪನಿಗೆ ಅನುಮಾನ ಹುಟ್ಟಿತ್ತು. ನಾಳೆ ಹೋಗಿ ಮಾತಾಡಿದರಾಯಿತು ಎಂದು ದಿನ ದೂಡಿದ.

*

ಮೋಟಾರು ನಡಿಗೆಯ ವೇಗದಲ್ಲಿ ಹೊರಟಿತು. ಮುಂದೆ ಸ್ವಾಮಿಗಳು, ಭಜನೆಯವರು. ಪಕ್ಕದಲ್ಲಿ ಕಲ್ಲವ್ವನ ತೋಳು ಹಿಡಿದ ಪಾರವ್ವ. ಹತ್ತು ಡ್ರೈವರುಗಳಲ್ಲಿ ಬಂದವರು ಮೂವರೇ. ಅವರೂ ಹಿಂದೆ ಹಿಂದೆಯೇ ಬರುತ್ತಿದ್ದರು.

ಪಾರವ್ವನ ಸೆರಗಿನೊಳಗೆ ಆ ಗಂಟು ಇತ್ತು. ಬೆಳಿಗ್ಗೆಯೇ ಹೇಳಿದ್ದಳು: "ಯಾರೂ ಬರಲಿಲ್ಲ. ಇವತ್ತ ಸ್ವಾಮಿಗಳ ಕೈಯಾಗ ಕೊಟ್ಟಬಿಡೂಣು." ಮಲಕಪ್ಪ ಹೂಂ ಅಂದಿದ್ದ.

ಸ್ವಾಮಿಗಳು ಎಲ್ಲರೆದುರು ಬಿಚ್ಚುತ್ತಾರೆ. ಆಮೇಲೆ ಪುಣೆಯಲ್ಲಿ ಮುಖ ತೋರಿಸುವುದು ಹೇಗೆ? ನಾಗಝರಿ ನಾಲೆಯ ಸೇತುವೆ ಬಂದಾಗ ಅವನು ಗಾಡಿ ನಿಲ್ಲಿಸಿದ.

"ಆ ಗಂಟು ಕೊಡು ಇಲ್ಲೆ."

"ಚರ್ಮದ ಸೀಟಿನ ಮ್ಯಾಲೆ ಲಿಂಗ ಇಡ್ತೀರೇನ್ರಿ?"

"ತೊಡಿ ಮ್ಯಾಲೆ ಇಟ್ಕೋತೀನಿ. ಕೊಡು ಅಂದ್ರ ಕೊಡು."

ಅವಳು ಎರಡೂ ಕೈಯಿಂದ ಕೊಟ್ಟಳು. ಹಿಂದಿನಿಂದ ಅಂಗಡಿಯವ ಅಪ್ಪಾಸಾಹೇಬ ಗಾಡಿ ಕೆಟ್ಟಿತೇನೆಂದು ಮರಾಠಿಯಲ್ಲಿ ಕೂಗಿದ: "ಕಾಯ್ ಝಾಲಂ, ಮಲಕಪ್ಪಾ? ಗಾಡಿ ಬಿಘಡ್ಲೀ ಕಾ?"

"ನಾಹೀ, ನಾಹೀ. ಗಾಡಿ ಠೀಕ ಆಹೇ," ಎಂದ ಮಲಕಪ್ಪ. ಗಾಡಿ ನಿಜವಾಗಿಯೂ ಚೆನ್ನಾಗಿಯೇ ಇತ್ತು. ಅದೇ ಅವನ ಸಂಕಟ.

ಗಾಡಿ ಮತ್ತೆ ಹೊರಟಿತು. ಸೇತುವೆಯ ಕಟ್ಟೆ ಕೈಗೆಟಕುವಷ್ಟು ಹತ್ತಿರ, ಕೆಳಗೆ ಕಪ್ಪು ಕೆಸರು. ಕೈ ಚಾಚಿ ಬಿಟ್ಟರೆ ಮುಗಿಯಿತು. ಭಜನೆಯ ತಾಳದಲ್ಲಿ ಯಾರಿಗೂ ಕೇಳುವುದಿಲ್ಲ. ಅವನು ಗಂಟನ್ನು ಬಾಗಿಲಿನ ಅಂಚಿನವರೆಗೂ ತಂದ. ಕನ್ನಡಿಯಲ್ಲಿ ಆ ಕಿವಿ ಹಾಗೆಯೇ ಇತ್ತು. ಹಿಂದಿನ ಗಾಲಿ ರಸ್ತೆಯ ತಗ್ಗಿಗೆ ಇಳಿದು ಹತ್ತಿತು, ಚೂರೂ ಸದ್ದಿಲ್ಲದೆ. ಮಲಕಪ್ಪನಿಗೆ ಅಳು ಬಂತು. ಗಂಟು ಮತ್ತೆ ತೊಡೆಯ ಮೇಲೆ ಬಿತ್ತು, ಸೇತುವೆ ದಾಟಿತು.

ರುದ್ರಭೂಮಿಯಲ್ಲಿ ಹೊಳಬಸಪ್ಪನನ್ನು ಗುಂಡಿಯೊಳಗಿನ ಗೂಡಿನಲ್ಲಿ ಕೂರಿಸಿದರು. ಸ್ವಾಮಿಗಳು ಅವನ ಕೊರಳಿನ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟರು. ಆಗ ಪಾರವ್ವ ಗಂಡನ ಕಡೆ ತಿರುಗಿದಳು.

"ಎಲ್ಲದ್ರಿ ಆ ಲಿಂಗದ ಗಂಟು? ಸ್ವಾಮಿಗಳಿಗೆ ಕೊಡ್ರಿ."

ಸ್ವಾಮಿಗಳು ಕೈ ನೀಡಿದರು. ಮಲಕಪ್ಪ ಕೊಡಲಿಲ್ಲ. ಗಂಟಿಗೆ ಕೈ ಹಾಕಿದ.

"ಏ, ಬಿಚ್ಚಬ್ಯಾಡೋ! ಇನ್ನೊಬ್ಬರ ಲಿಂಗ ಅದು!" ಎಂದು ಸ್ವಾಮಿಗಳು ಕೂಗಿದರು.

ಅವನು ಬಿಚ್ಚಿಯೇಬಿಟ್ಟ. ಒಣಗಿದ ಹೂವಿನ ಎಸಳು ಉದುರಿದವು. ಅವನ ಎಡ ಅಂಗೈಯಲ್ಲಿ ಸವೆದ ಬೇರಿಂಗು ಕೂತಿತ್ತು. ಬೆರಳಿನಿಂದ ತಿರುವಿದ. ಕರ್ ಕರ್ ಎಂದಿತು.

"ಮಿಸ್ತ್ರಿ ಇಟ್ಟಿದ್ದ," ಎಂದ ಮಲಕಪ್ಪ. "ಹಿಂದ ಅಂದಿದ್ದ, ಹಿಂದ ಇಟ್ಟಿದ್ದ. ನಾ ದಿನಾ ಇದಕ್ಕ ಕೈ ಮುಗದು, ಅಡ್ಡಾಕ್ಕ ಬಂದು ಅವನ್ನ ಕಳ್ಳ ಅಂತಿದ್ದೆ."

ಪಾರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಸಂಕಪ್ಪ ಮುಂದೆ ಬಂದು ಬೇರಿಂಗು ತೆಗೆದುಕೊಂಡು ತಿರುವಿ ನೋಡಿದ. ಮುಂದಿನವನಿಗೆ ಕೊಟ್ಟ. ಅವನೂ ತಿರುವಿದ. ಮೂವರ ಕೈ ದಾಟಿ ಅದು ಮತ್ತೆ ಮಲಕಪ್ಪನಿಗೆ ಬಂತು. ಒಬ್ಬೊಬ್ಬರಾಗಿ ಅವರು ಗುಂಡಿಗೆ ಬಿಲ್ವಪತ್ರಿ ಹಾಕಿದರು.

ಮಲಕಪ್ಪ ಕಲ್ಲವ್ವನ ಮುಂದೆ ಬಂದು ನಿಂತ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. "ಇದನ್ನ ಅವರ ಜೋಡಿನ ಇಟ್ಟಬಿಡೂಣೇನ್ರಿ ಯಕ್ಕಾ?"

ಕಲ್ಲವ್ವ ಬೇರಿಂಗನ್ನು ನೋಡಿದಳು, ಅವನ ಕೈಯಲ್ಲಿದ್ದ ಅರಿವೆಯ ತುಂಡನ್ನು ನೋಡಿದಳು.

"ಬ್ಯಾಡ್ರಿ," ಎಂದಳು. "ಹಳೇ ಸಾಮಾನು ಗಿರಾಕೀದು. ಮನೀಗೆ ಒಯ್ರಿ."

ಮಣ್ಣು ಮುಚ್ಚಿ ಎಲ್ಲರೂ ನಡೆದುಕೊಂಡು ಹೊರಟರು. ಪಾರವ್ವನೂ ಕಲ್ಲವ್ವನ ಜೊತೆಗೆ ನಡೆದಳು. ಮಲಕಪ್ಪ ಒಬ್ಬನೇ ಮೋಟಾರಿಗೆ ಬಂದ. ಹಿಂದಿನ ಸೀಟಿನಲ್ಲಿ ಬಿಚ್ಚಿಟ್ಟ ಬಿಳಿ ಅರಿವೆ ಹಾಗೆಯೇ ಬಿದ್ದಿತ್ತು. ಬೇರಿಂಗನ್ನು ಅದರ ಮೇಲೆ ಇಟ್ಟು ಗಾಡಿ ಬಿಟ್ಟ. ರುದ್ರಭೂಮಿಯ ದಾರಿ ಪೂರ್ತಿ ಕಲ್ಲು. ಪ್ರತಿ ಕಲ್ಲಿಗೂ ಹಿಂದಿನ ಸೀಟಿನ ಮೇಲೆ ಬೇರಿಂಗು ಕರ್ ಎನ್ನುತ್ತಿತ್ತು. ಕೆಳಗೆ ಗಾಲಿ ಸದ್ದಿಲ್ಲದೆ ಉರುಳುತ್ತಿತ್ತು.