ಪಕ್ಕದ ಮನೆಯ ಮೂರು ಒಳ್ಳೆಯ ಸಂಗತಿಗಳು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕೆಂದು ನನಗೆ ಗೊತ್ತಾಗುತ್ತಿಲ್ಲ. ನಿಮ್ಮನ್ನೇ ಕೇಳೋಣವೆಂದರೆ ನೀವು ಪುಟದ ಆ ಕಡೆ ಇದ್ದೀರಿ, ಹೇಳಿದರೂ ನನಗೆ ಕೇಳಿಸುವುದಿಲ್ಲ. ಮೊದಲ ಕರಡು ಹೀಗಿತ್ತು: "ಕುಂಜತ್ತೂರಿನ ಅಂಗನವಾಡಿಯ ಬೆಂಚಿನ ಮೇಲೆ ಆರು ಹೆಂಗಸರು ಕುಳಿತಿದ್ದರು. ಅವರ ಕಣ್ಣುಗಳಲ್ಲಿ ಯುಗಯುಗಗಳ ನೋವು ಮಡುಗಟ್ಟಿತ್ತು."

ಎರಡನೆಯ ವಾಕ್ಯವನ್ನು ಹೊಡೆದುಹಾಕಿದೆ. ಯುಗಯುಗಗಳ ನೋವು ಇರಲಿಲ್ಲ. ನಾಲ್ಕೂವರೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಮಲಗಿರುವವರಿಗೆ ಚಾ ಕೊಡುವವರು ಯಾರು ಎಂಬ ಚಿಂತೆ ಇತ್ತು, ಅಷ್ಟೆ. ಮೇಲಾಗಿ ಅಂಗನವಾಡಿಯ ಬೆಂಚು ಮಕ್ಕಳ ಅಳತೆಯದು. ಅದರ ಮೇಲೆ ಕುಳಿತ ದೊಡ್ಡವರ ಮುಖದಲ್ಲಿ ಮೊಣಕಾಲು ನೋವು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

೨

ಎರಡನೆಯ ಕರಡು. ಇದು ಸ್ವಲ್ಪ ಸತ್ಯಕ್ಕೆ ಹತ್ತಿರ.

ನನ್ನ ಅಕ್ಕನ ಮಗಳು ಶ್ರೀರಂಜಿನಿ ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಪಾಸಿಟಿವ್ ಸೈಕಾಲಜಿ ಆರಿಸಿಕೊಂಡಿದ್ದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್, ಬಿಡುವಿನಲ್ಲಿ ಕಥೆ ಬರೆಯುವವಳು. ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ಮಾಡಿಕೊಡಬೇಕೆಂದು ಅವಳು ನನ್ನ ಮನೆಗೆ ಬಂದಳು.

"ಇದೆಂತ ಶಾಸ್ತ್ರ? ಯಾವಾಗಲೂ ನಗ್ತಾ ಇರಿ ಅಂತ ಹೇಳುವುದಾ?" ಎಂದು ಕೇಳಿದೆ.

"ಅಲ್ಲ ಚಿಕ್ಕಮ್ಮ, ಅದು ವಾಟ್ಸಾಪಿನಲ್ಲಿ ಬರುವ ಗುಡ್ ಮಾರ್ನಿಂಗ್. ಮನಸ್ಸಿನಲ್ಲಿ ಎಂತ ಹಾಳಾಗಿದೆ ಅಂತ ನೋಡುವವರು ತುಂಬ ಜನ ಇದ್ದಾರೆ. ಇದು ಎಂತ ಸರಿ ಉಳಿದಿದೆ ಅಂತ ನೋಡುವುದು. ಉಳಿದದ್ದನ್ನು ಬೆಳೆಸಲಿಕ್ಕೆ ಆಗ್ತದಾ ಅಂತ ಅಳೆದು ನೋಡುವುದು. ಕೆಲವು ಕಡೆ ಆಗ್ತದೆ, ಕೆಲವು ಕಡೆ ಆಗುದಿಲ್ಲ. ಆಗದಿದ್ರೆ ಅದನ್ನೂ ಬರೀಬೇಕು."

ಆ ಕೊನೆಯ ಮಾತು ನನಗೆ ಹಿಡಿಸಿತು. ಆಗದಿದ್ದರೆ ಅದನ್ನೂ ಬರೆಯುವ ನಿಯಮ ನಮ್ಮ ಸಾಹಿತಿಗಳಿಗೂ ಇದ್ದಿದ್ದರೆ ಚೆನ್ನಾಗಿತ್ತು.

ಅವಳ ಯೋಜನೆ ಇಷ್ಟು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ಆರು ಹೆಂಗಸರು. ರೋಗಿಗಳ ಮನೆಮನೆಗೆ ಹೋಗುವ, ಪಂಚಾಯತಿನ ಪಾಲಿಯೇಟಿವ್ ನರ್ಸಿನ ಮೂಲಕ ಸಿಕ್ಕವರು. ಎಂಟು ವಾರ, ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ಸೇರುವುದು. ಪ್ರತಿಯೊಬ್ಬರಿಗೂ ಒಂದೊಂದು ನೋಟ್‌ಪುಸ್ತಕ. ದಿನಾ ಸಂಜೆ, ಆ ದಿನ ಆದ ಮೂರು ಒಳ್ಳೆಯ ಸಂಗತಿಗಳನ್ನು ಬರೆಯಬೇಕು. ಪ್ರತಿಯೊಂದರ ಮುಂದೆಯೂ ಅದು ಯಾಕೆ ಆಯಿತು ಎಂದು ಬರೆಯಬೇಕು. ಮೊದಲೊಮ್ಮೆ, ನಡುವೆ ಒಮ್ಮೆ, ಕೊನೆಗೊಮ್ಮೆ ಪ್ರಶ್ನಾವಳಿ ತುಂಬಬೇಕು.

(ಮೊದಲ ಪ್ರಶ್ನಾವಳಿಯಲ್ಲಿ ಐದು ಪ್ರಶ್ನೆ, ಒಂದೊಂದಕ್ಕೂ ಒಂದರಿಂದ ಏಳರವರೆಗೆ ಅಂಕಿಗಳಿದ್ದವು. ಆರೂ ಮಂದಿ ಎಲ್ಲ ಪ್ರಶ್ನೆಗೂ ಹೆಚ್ಚುಕಡಿಮೆ ನಾಲ್ಕಕ್ಕೇ ಗುರುತು ಹಾಕಿದ್ದರು. ನನ್ನ ಅನುವಾದವೇ ಸರಿಯಿಲ್ಲವೆಂದು ಶ್ರೀರಂಜಿನಿ ಸಿಟ್ಟಾದಳು. ಅನುವಾದದ್ದೇನೂ ತಪ್ಪಿರಲಿಲ್ಲ. ನಮ್ಮ ಕಡೆ ಹೇಗಿದ್ದೀರಿ ಎಂದು ಕೇಳಿದರೆ ಯಾರಾದರೂ ಚೆನ್ನಾಗಿದ್ದೇನೆ ಅನ್ನುತ್ತಾರೆಯೇ? "ಹೀಗೇ ಉಂಟು" ಅನ್ನುತ್ತಾರೆ. ಹೀಗೇ ಉಂಟು ಅಂದರೆ ನಾಲ್ಕು.)

೩

ಆರು ಮಂದಿಯಲ್ಲಿ ಒಬ್ಬರ ಪುಸ್ತಕ ಮಾತ್ರ ವಿಚಿತ್ರವಾಗಿದೆ ಎಂದು ಎರಡನೆಯ ವಾರ ಅವಳು ಹೇಳಿದಳು. ಯಾರು ಎಂದು ಹೇಳಲಿಲ್ಲ. ಹೆಸರು ಹೊರಗೆ ಬಿಡಬಾರದೆಂಬುದು ಅವರ ನಿಯಮ. ಹೆಸರಿಲ್ಲದವರನ್ನು ಇಟ್ಟುಕೊಂಡು ಕಥೆ ಬರೆಯುವಷ್ಟು ದೊಡ್ಡ ಸಾಹಿತಿ ನಾನಲ್ಲ. ಹಾಗಾಗಿ ಒಬ್ಬರನ್ನು ನಾನೇ ಮಾಡಿಕೊಂಡೆ.

ಹೆಸರು ಜಲಜಾಕ್ಷಿ, ವಯಸ್ಸು ಐವತ್ತೇಳು. ಗಂಡ ಐತ್ತಪ್ಪ, ಕಾಸರಗೋಡಿನಿಂದ ತಲಪಾಡಿಗೆ ಬಸ್ಸು ಓಡಿಸುತ್ತಿದ್ದವರು, ಆರು ವರ್ಷದಿಂದ ಮಂಚದಲ್ಲಿದ್ದಾರೆ. ಬಲಬದಿ ಬಿದ್ದುಹೋಗಿದೆ, ಮಾತಿಲ್ಲ. ಏನಾದರೂ ಬೇಕಾದರೆ ಎಡಗೈಯಲ್ಲಿ ಚಮಚ ಹಿಡಿದು ಮಂಚದ ಸರಳಿಗೆ ಬಡಿಯುತ್ತಾರೆ. ಜಲಜಾಕ್ಷಿ ಓಡಿ ಬರುತ್ತಾರೆ. (ಮಕ್ಕಳಿಲ್ಲ. ಇದ್ದರೆ ಅವರು ಎಲ್ಲಿದ್ದಾರೆ, ಯಾಕೆ ಬರುವುದಿಲ್ಲ ಎಂದು ಮೂರು ಪುಟ ಬರೆಯಬೇಕಾಗುತ್ತದೆ. ಅಂಥ ಕಥೆ ನೀವೂ ಸಾಕಷ್ಟು ಓದಿದ್ದೀರಿ.)

ಪಕ್ಕದ ಮನೆ ಪೆಟ್ರೋನಿಲ್ಲಾ ಬಾಯಮ್ಮನದು. (ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರಿಗೆ ಬಾಯಮ್ಮ, ಗಂಡಸರಿಗೆ ಪೊರ್ಬು ಎನ್ನುತ್ತಾರೆ.) ಅವರನ್ನು ಕಥೆಗೆ ಯಾಕೆ ತಂದೆ ಎಂದರೆ, ಜಲಜಾಕ್ಷಿಯ ಪುಸ್ತಕದ ಮೊದಲ ಪುಟ ಹೀಗಿದೆ:

"ಒಂದು: ಪೆಟ್ರೋನಿಲ್ಲಾ ಬಾಯಮ್ಮನ ದನ ಹೆಣ್ಣು ಕರು ಹಾಕಿತು. ಯಾಕೆ: ಹಟ್ಟಿಯನ್ನು ಚೊಕ್ಕ ಇಟ್ಟುಕೊಳ್ಳುತ್ತಾರೆ.

ಎರಡು: ಅವರ ಗಂಡ ಹಿಲರಿ ಪೊರ್ಬುಗಳ ಶುಗರ್ ಇಳಿಯಿತು. ಯಾಕೆ: ಬಾಯಮ್ಮ ಬೆಲ್ಲದ ಡಬ್ಬ ಅಡಗಿಸಿಟ್ಟಿದ್ದಾರೆ.

ಮೂರು: ಅವರ ಮಗಳು ಟ್ರೀಜಾ ಸ್ಕೂಟರ್ ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾದಳು. ಯಾಕೆ: ಗೊತ್ತಿಲ್ಲ. ಅವಳು ಓಡಿಸುವುದನ್ನು ನೋಡಿದವರಿಗೆ ಆಶ್ಚರ್ಯವೇ."

ಎರಡನೆಯ ಪುಟವೂ ಹಾಗೆಯೇ. ಮೂರನೆಯದೂ. ಹದಿನಾಲ್ಕು ದಿನ, ನಲವತ್ತೆರಡು ಒಳ್ಳೆಯ ಸಂಗತಿಗಳು. ಒಂದೂ ಸ್ವಂತದ್ದಲ್ಲ.

೩ (ಇನ್ನೊಮ್ಮೆ, ಯಾಕೆಂದರೆ ಮೂರನೆಯದು ಮುಗಿದಿರಲಿಲ್ಲ)

ಶ್ರೀರಂಜಿನಿಯನ್ನು ಜಲಜಾಕ್ಷಿಯ ಮನೆಗೆ ಕಳಿಸಿದೆ. ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಚಾ ಕೊಡಿಸಿದೆ.

"ಜಲಜಕ್ಕ, ನಿಮ್ಮದು ಬರೀಬೇಕು. ನಿಮಗೆ ಆದ ಒಳ್ಳೆಯದು."

"ನನ್ನದನ್ನು ನಾನೇ ಬರಿಯುದಾ? ಮತ್ತೆ ಅದನ್ನು ನೀವು ಓದುವುದಾ?"

"ಹೌದು."

"ನಿಮ್ಮ ಕಾಲೇಜಿನ ಸಾರು?"

"ಅವರೂ ನೋಡ್ತಾರೆ."

"ಬೇಡ ಮೇಡಂ. ಅಷ್ಟು ಜನರ ಕಣ್ಣು ತಾಗಿದ್ರೆ ಇವರಿಗೆ ತಡೀಲಿಕ್ಕಿಲ್ಲ."

ಮೂಢನಂಬಿಕೆ ಎಂದು ಶ್ರೀರಂಜಿನಿ ಹೇಳಲಿಲ್ಲ. ಅವಳಿಗೆ ಹಾಗೆ ಹೇಳಬಾರದೆಂದು ಕಲಿಸಿದ್ದಾರೆ. ಯಾವಾಗಿನಿಂದ ಹೀಗೆ ಅನ್ನಿಸಿತು ಎಂದು ಕೇಳಿದಳು. ಜಲಜಾಕ್ಷಿ ಗಂಡನ ಹೊದಿಕೆ ಸರಿಮಾಡುತ್ತ, ದಿನಸಿ ಪಟ್ಟಿ ಓದುವ ದನಿಯಲ್ಲಿ ಹೇಳಿದರು. ಆರು ವರ್ಷದ ಹಿಂದೆ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಮೀಟಿಂಗಿನಲ್ಲಿ ಎಲ್ಲರೂ ತಂತಮ್ಮ ಕಷ್ಟ ಹೇಳುತ್ತಿದ್ದರು. ತನ್ನ ಸರದಿ ಬಂದಾಗ, "ನಮಗೆ ಈ ವರ್ಷ ಎಂತ ತೊಂದರೆ ಇಲ್ಲಪ್ಪ, ಸುಖವಾಗಿದ್ದೇವೆ" ಎಂದುಬಿಟ್ಟರು. ಇಪ್ಪತ್ತು ಜನ ತಿರುಗಿ ನೋಡಿದರು. ನಾಲ್ಕನೆಯ ದಿನ ಐತ್ತಪ್ಪ ಬಸ್ಸಿನಿಂದ ಇಳಿಯುವಾಗ ಬಿದ್ದರು.

"ಬಾಯಮ್ಮನ ಮನೆಯ ಒಳ್ಳೆಯದು ಬರೆದ್ರೆ ಅವರಿಗೆ ಕಣ್ಣು ತಾಗುದಿಲ್ವಾ?" ಎಂದು ಶ್ರೀರಂಜಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. ನನಗೆ ಹೊಳೆದಿರಲಿಲ್ಲ.

"ನಾನು ಹೊಟ್ಟೆಕಿಚ್ಚಿನಿಂದ ಬರಿಯುದಲ್ವಲ್ಲ. ನಿಜವಾಗಿ ಖುಷಿಯಾಗಿಯೇ ಬರಿಯುದು. ಕಣ್ಣು ಹಾಗೆ ತಾಗುದಿಲ್ಲ."

೫

(ನಾಲ್ಕನೆಯ ಭಾಗದಲ್ಲಿ ಸುಖ ಎಂದರೇನು ಎಂಬ ಬಗ್ಗೆ ಎರಡು ಪುಟ ಬರೆದಿದ್ದೆ. ತೆಗೆದೆ. ನೀವು ಬಚಾವಾದಿರಿ.)

ನಾಲ್ಕು ವಾರ ಕಳೆದ ಮೇಲೆ ಮತ್ತೆ ಪ್ರಶ್ನಾವಳಿ ತುಂಬಿಸಿದಾಗ ಜಲಜಾಕ್ಷಿಯ ಅಂಕ ಹತ್ತೊಂಬತ್ತರಿಂದ ಇಪ್ಪತ್ತಮೂರಕ್ಕೆ ಏರಿತ್ತು. ಸ್ವಂತದ್ದು ಬರೆದ ಇಬ್ಬರದ್ದು ಇದ್ದಲ್ಲೇ ಇತ್ತು. ಶ್ರೀರಂಜಿನಿ ಕುಣಿಯುತ್ತ ಹೋಗಿ ತನ್ನ ಗೈಡ್‌ಗೆ ತೋರಿಸಿದಳು. ಅವರು ಕನ್ನಡಕ ತೆಗೆದು, ಇದು ಲೆಕ್ಕಕ್ಕಿಲ್ಲ ಎಂದರಂತೆ. ಸೂಚನೆಯಲ್ಲಿ ತನಗಾದ ಒಳ್ಳೆಯದು ಎಂದಿದೆ, ಇವರು ಸೂಚನೆ ಪಾಲಿಸಿಲ್ಲ. ಮುಗಿಯುವುದರೊಳಗೆ ಒಂದು ದಿನವಾದರೂ ಸ್ವಂತದ್ದು ಬರೆದರೆ ಇಟ್ಟುಕೊಳ್ಳಬಹುದು, ಇಲ್ಲವಾದರೆ ಕೈಬಿಡಬೇಕು. ಕೈಬಿಟ್ಟರೆ ಉಳಿಯುವುದು ಐದು. ಐದು ಮಂದಿಯ ಪ್ರಾಜೆಕ್ಟ್ ಒಪ್ಪುವುದಿಲ್ಲ.

ಏಳನೆಯ ವಾರದವರೆಗೂ ಬಾಯಮ್ಮನ ಮನೆಯ ಸುದ್ದಿಯೇ ಬಂತು. ಶ್ರೀರಂಜಿನಿ ನನ್ನ ಅಡುಗೆಮನೆಯಲ್ಲಿ ಕುಳಿತು ಅತ್ತಳು. ಸಂತೋಷದ ಅಧ್ಯಯನ ಮಾಡುವವಳು ಹೀಗೆ ಅಳುವುದನ್ನು ಕಂಡು ನನಗೆ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ನಾನು ಮಾತಾಡುತ್ತೇನೆ ಎಂದೆ. ಎಷ್ಟೆಂದರೂ ಜಲಜಾಕ್ಷಿ ನನ್ನ ಪಾತ್ರ. ನನ್ನ ಮಾತು ಮೀರುವುದುಂಟೇ?

೬

"ಜಲಜಕ್ಕ, ಒಂದೇ ಒಂದು ದಿನ ಬರೆಯಿರಿ," ಎಂದೆ.

"ನೀವು ಹೇಳಬೇಡಿ ಟೀಚರ್. ಮೇಡಂ ಹೇಳಿದ್ರೆ ಆಗ್ತದೆ, ನೀವು ಹೇಳಿದ್ರೆ ನಂಬಲಿಕ್ಕೆ ಆಗುದಿಲ್ಲ."

"ಯಾಕೆ?"

"ನಿಮ್ಮ ಕಥೆ ನಾನು ಓದಿದ್ದೇನೆ. ಊರಿನ ಲೈಬ್ರರಿಯಲ್ಲಿ ಉಂಟಲ್ಲ. ಒಂದರಲ್ಲಿ ಆ ಹೆಂಗಸು ಹೊಸ ಸೀರೆ ಉಟ್ಟು ನಕ್ಕಳು. ಅಷ್ಟರಲ್ಲಿ ಅವಳ ಅಣ್ಣನನ್ನು ಲಾರಿಯಡಿಗೆ ಹಾಕಿದ್ರಿ. ಇನ್ನೊಂದರಲ್ಲಿ ಮುದುಕ ಹಲಸಿನ ಹಣ್ಣು ತಿಂದು ತೇಗಿದ. ಕೆಳಗಿನ ಸಾಲಿನಲ್ಲೇ ಹೋದ. ನಿಮ್ಮಲ್ಲಿ ಯಾರಾದ್ರೂ ಸುಖವಾಗಿದ್ದೇನೆ ಅಂದ್ರೆ ಮತ್ತೆ ಆ ಮನೆಯಲ್ಲಿ ಹೆಣ ಬೀಳ್ತದೆ."

ಇದು ಅನ್ಯಾಯದ ಮಾತು ಎನ್ನಲು ಬಾಯಿ ತೆರೆದು ಲೆಕ್ಕ ಹಾಕಿದೆ. ಹದಿನಾಲ್ಕು ಕಥೆ, ಒಂಬತ್ತು ಸಾವು.

"ಅದು ಕಥೆಯ ರೀತಿ, ಜಲಜಕ್ಕ. ಓದುವವರಿಗೆ ಮನಸ್ಸಿಗೆ ತಟ್ಟಬೇಕಲ್ಲ."

"ಅವರಿಗೆ ತಟ್ಟಲಿಕ್ಕೆ ಇವರು ಯಾಕೆ ಸಾಯಬೇಕು?" ಎಂದರು. ಮಂಚದ ಕಡೆ ನೋಡಿ ಮತ್ತೆ ಕೇಳಿದರು: "ಆರು ವರ್ಷದ ಹಿಂದೆ ಇವರನ್ನು ಬೀಳಿಸಿದ್ದು ಕುಟುಂಬಶ್ರೀಯವರ ಕಣ್ಣಲ್ಲ. ನೀವೇ ಅಲ್ವಾ?"

ಮೂರನೆಯ ಭಾಗ ಬರೆಯುವಾಗ ಜಲಜಾಕ್ಷಿಗೆ ಒಂದು ಕಾರಣ ಬೇಕಾಗಿತ್ತು. ಒಂದು ಸಾಲು ಬರೆದೆ, ಐತ್ತಪ್ಪ ಬಿದ್ದರು. ಆ ಸಾಲು ಬರೆಯಲು ನನಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಅದಕ್ಕೆ ಇವರು ಆರು ವರ್ಷ ರಾತ್ರಿ ಹಗಲು ಮಗ್ಗುಲು ಬದಲಿಸಿದ್ದಾರೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

೭

ಮುಕ್ತಾಯಗಳನ್ನು ಅವರ ಮುಂದೆಯೇ ಇಟ್ಟೆ. ಬೇಕಾದ್ದನ್ನು ಆರಿಸಿಕೊಳ್ಳಿ ಎಂದೆ.

ಮುಕ್ತಾಯ ಅ: ಜಲಜಾಕ್ಷಿ ಸ್ವಂತದ್ದು ಬರೆಯುತ್ತಾರೆ, ಮರುದಿನ ಐತ್ತಪ್ಪ ತೀರಿಕೊಳ್ಳುತ್ತಾರೆ. ಓದುಗರು ಪುಸ್ತಕ ಮಡಚಿ ನಿಟ್ಟುಸಿರು ಬಿಡುತ್ತಾರೆ. (ಪತ್ರಿಕೆಯವರು ತೆಗೆದುಕೊಳ್ಳುವುದು ಖಂಡಿತ.)

"ಇದನ್ನು ನೀವು ಮೊದಲೇ ಬರೆದಿಟ್ಟಿದ್ದೀರಿ ಅಂತ ನನಗೆ ಗೊತ್ತು," ಎಂದರು. ಬರೆದಿಟ್ಟಿದ್ದೆ. ಹರಿದೆ.

ಮುಕ್ತಾಯ ಆ: ಐತ್ತಪ್ಪರಿಗೆ ಮಾತು ಮರಳುತ್ತದೆ. "ಜಲಜಾ" ಎನ್ನುತ್ತಾರೆ.

"ಬಸ್ಸು ಓಡಿಸಿದ ಜನ ಟೀಚರ್. ಬಾಯಿ ಬಂದ್ರೆ ಮೊದಲು ಬರುವುದು ಬೈಗಳು. ಅದೂ ಬೇಡ. ಸುಳ್ಳು ಆಸೆ ಹುಟ್ಟಿಸಬೇಡಿ."

ಮುಕ್ತಾಯ ಇ: ಬಾಯಮ್ಮನ ಮನೆಯ ಸುದ್ದಿಯನ್ನೇ ಗೈಡ್ ಒಪ್ಪುತ್ತಾರೆ. ನೆರೆಯವರ ಸುಖದಲ್ಲಿ ಸುಖ ಕಾಣುವ ನಮ್ಮ ಸಂಸ್ಕೃತಿಯ ಬಗ್ಗೆ ಶ್ರೀರಂಜಿನಿ ಭಾಷಣ ಮಾಡುತ್ತಾಳೆ.

"ಅವರು ಒಪ್ಪುವ ಜನ ಅಲ್ಲ ಅಂತ ನೀವೇ ಬರೆದಿದ್ದೀರಲ್ಲ," ಎಂದರು ಜಲಜಾಕ್ಷಿ. ಆಮೇಲೆ ಪುಸ್ತಕವನ್ನು ಕೈಗೆತ್ತಿಕೊಂಡರು. "ಆ ಹುಡುಗಿ ಬಂದ ದಿನದಿಂದ ನನ್ನತ್ರ, 'ನಿಮಗೆ ಹೇಗಾಗ್ತದೆ' ಅಂತ ಕೇಳಿದವಳು. ಆರು ವರ್ಷದಲ್ಲಿ ಎಲ್ಲರೂ ಇವರು ಹೇಗಿದ್ದಾರೆ ಅಂತ ಕೇಳಿದ್ದು, ನನ್ನನ್ನು ಕೇಳಿದವರಿಲ್ಲ. ಅವಳ ಓದು ಹಾಳಾಗಬಾರದು. ಬರೀತೇನೆ. ಆದ್ರೆ ನೀವು ಒಂದು ಮಾತು ಕೊಡಬೇಕು."

"ಎಂತ?"

"ನಾನು ಬರೆದ ಮೇಲೆ ನೀವು ಬರೀಬಾರದು."

ಮಾತು ಕೊಟ್ಟೆ.

೮

ಎಂಟನೆಯ ವಾರ, ಮಂಗಳವಾರ. ಜಲಜಾಕ್ಷಿ ಬರೆದದ್ದು:

"ಒಂದು: ಇವರ ಬೆನ್ನಿನ ಹುಣ್ಣು ಪೂರ್ತಿ ಒಣಗಿತು. ಯಾಕೆ: ನಾನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇನೆ.

ಎರಡು: ನೀರುದೋಸೆ ಹರಿಯದೆ ಎದ್ದು ಬಂತು. ಇವರು ನಾಲ್ಕು ತಿಂದರು. ಯಾಕೆ: ಅಕ್ಕಿ ಒಳ್ಳೆಯದಿತ್ತು.

ಮೂರು: ಮಧ್ಯಾಹ್ನ ಊಟದ ಮೇಲೆ ಚಾಪೆ ಹಾಸಿ ಸ್ವಲ್ಪ ಅಡ್ಡಾದೆ. ಎದ್ದು ನೋಡಿದರೆ ಮೂರೂವರೆ. ಇವರು ಎಚ್ಚರ ಇದ್ದರು. ಬಟ್ಟೆ ಒದ್ದೆಯಾಗಿತ್ತು. ಚಮಚ ಕೈಯಲ್ಲೇ ಇತ್ತು. ಬಡಿದಿರಲಿಲ್ಲ. ಯಾಕೆ:"

ಅಲ್ಲಿ ಖಾಲಿ ಬಿಟ್ಟಿದ್ದರು.

ಶ್ರೀರಂಜಿನಿ ಫೋನ್ ಮಾಡಿದಳು. "ಚಿಕ್ಕಮ್ಮ, ಮೂರನೆಯದಕ್ಕೆ ಯಾಕೆ ಅಂತ ಬರೀಲಿಲ್ಲ. ನಾನು ಹೋಗಿ ಕೇಳಬೇಕಾ?"

"ಬೇಡ. ಹಾಗೇ ಕೊಡು," ಎಂದೆ.

"ಕೇಳುವುದಿಲ್ಲ," ಎಂದಳು ಅವಳು.

ಆ ಖಾಲಿ ಜಾಗಕ್ಕೆ ನನ್ನ ಕೈಯಲ್ಲಿ ಒಳ್ಳೆಯ ಸಾಲುಗಳಿವೆ. ಮರುದಿನ ಬೆಳಿಗ್ಗೆ ಎಂದು ಶುರುವಾಗುವ ಇನ್ನೊಂದು ಪ್ಯಾರಾವೂ ಇದೆ, ಒಂಬತ್ತು ಸಲ ಬರೆದು ಕೈ ಪಳಗಿದೆ. ಪೆನ್ನು ತೆಗೆದೆ, ಮುಚ್ಚಿದೆ. ನನಗೆ ದೃಷ್ಟಿಯಲ್ಲಿ ನಂಬಿಕೆಯಿಲ್ಲ. ಕ್ಲಾಸಿನಲ್ಲಿ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತೇನೆ. ಆದರೂ ಹೆದರಿಕೆಯಾಗುತ್ತಿದೆ.

ಐತ್ತಪ್ಪ ಈಗ ಬದುಕಿದ್ದಾರೆ. ಜಲಜಾಕ್ಷಿ ಬಟ್ಟೆ ಬದಲಿಸುತ್ತಿದ್ದಾರೆ. ಮುಂದೇನಾಯಿತು ಎಂದು ಕೇಳಲು ನೀವು ಕಾಯುತ್ತಿದ್ದೀರಿ, ನನಗೆ ಗೊತ್ತು. ಆದರೆ ಅವರು ಸುಖವಾಗಿದ್ದುದನ್ನು ನೀವು ಓದಿಯಾಯಿತು. ಇನ್ನು ಆ ಮನೆಯ ಕಡೆ ನೋಡಬೇಡಿ.