ಕೈಗುಣದ ಅಣ್ಣ

ಆತ ಯಾರ ಮನೆಗೂ ಬರಿಗೈಯಲ್ಲಿ ಹೋದವನಲ್ಲ. ಮೊಣಕಾಲು ಮುಟ್ಟುವ ಹಳೆಯ ಕೋಟಿನ ಜೇಬುಗಳಿಂದ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕೆಂಪು ರಾಸ್ಪ್‌ಬೆರಿಯ ಮರಿಗಿಡಗಳು ಸದಾ ಇಣುಕುತ್ತಿದ್ದವು. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ನೆಲವನ್ನು ನೋಡದೆ ಊರವರ ಬೇಲಿಗಳ ಮೇಲೆ ಕಣ್ಣಾಡಿಸುತ್ತ ಸಾಗುವ ಅವನ ನಡಿಗೆ, ಎಲ್ಲಾದರೂ ಖಾಲಿ ಜಾಗ ಕಂಡೊಡನೆ ತಟ್ಟನೆ ನಿಂತುಬಿಡುತ್ತಿತ್ತು. ಬೇಡವೆಂದವರ ಅಂಗಳದಲ್ಲೂ ತಾನೇ ಗುಂಡಿ ತೋಡಿ ನೆಟ್ಟು ಬರುವ ಔದಾರ್ಯ ಅವನದು. "ನನ್ನ ಕೈಯಲ್ಲಿ ಯಾವ ಗಿಡ ಸತ್ತಿದೆ, ಹೇಳಿ ನೋಡೋಣ?" ಎಂಬುದು ಮಾತುಮಾತಿಗೂ ಬರುತ್ತಿದ್ದ ಸವಾಲು. ಕೈಗುಣದ ಅಣ್ಣ ಎಂದು ಬೀದಿಗೆ ಬೀದಿಯೇ ಅವನನ್ನು ಕರೆಯುತ್ತಿತ್ತು. ಹಾಗೆ ಕರೆಯುವ ನಿಜವಾದ ಹಕ್ಕಿದ್ದವಳು ಅವನ ತಂಗಿಯೊಬ್ಬಳೇ.

ಹೊಲಿಗೆ ಕಾರ್ಖಾನೆಯಲ್ಲಿ ಕಣ್ಣು ಸವೆಸಿಕೊಂಡ ಆ ತಂಗಿ ಕೆಲಸ ಬಿಟ್ಟು, ಅಣ್ಣನ ತೋಟಕ್ಕೆ ಹೊಂದಿಕೊಂಡ ತುಂಡು ನೆಲದಲ್ಲಿ ಕಪ್ಪು ರಾಸ್ಪ್‌ಬೆರಿ ಬೆಳೆಸಿದ್ದಳು. ಜಾಮ್ ಮಾಡುವವರು ಹಣ್ಣು ಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಅವನಿಗೆ ತೋಟ ಶೋಕಿ, ಮನೆ ನಡೆಯುತ್ತಿದ್ದುದು ಅಂಗಡಿಗಳ ಬಾಡಿಗೆಯಿಂದ. ಅವಳಿಗೋ ಆ ತುಂಡು ನೆಲವೇ ಅನ್ನ. ಹಿಗ್ಗಿಹೋದ ಅಣ್ಣ, ಉಡುಗೊರೆಯೆಂದು ಅವಳ ಬದಿಯಲ್ಲೂ ಬೇಲಿಯುದ್ದಕ್ಕೆ ಕೆಂಪಿನದೊಂದು ಸಾಲು ನೆಟ್ಟುಕೊಟ್ಟ.

ಮರುವರ್ಷ ಕಪ್ಪು ಗಿಡಗಳ ಕುಡಿಗಳು ಬಾಗಿ ಕರಕಲಾದವು. ಎಲೆಗಳಲ್ಲಿ ಹಳದಿ ಮಚ್ಚೆ ಮೂಡಿತು, ಕಿತ್ತ ಹಣ್ಣು ಬೆರಳಲ್ಲೇ ಪುಡಿಪುಡಿಯಾಯಿತು. ಗಿಡಗಳ ರೋಗ ನೋಡುವ ಡಾಕ್ಟರಮ್ಮ ಬಂದು, ನಳನಳಿಸುತ್ತಿದ್ದ ಕೆಂಪು ಗಿಡದ ಎಲೆಯನ್ನು ಮಗುಚಿ ಹಸಿರು ಹೇನುಗಳನ್ನು ತೋರಿಸಿದಳು.

"ವೈರಸ್ ಇರೋದು ಇದರಲ್ಲಿ. ಇದು ತಡ್ಕೊಳ್ಳತ್ತೆ, ಹಣ್ಣೂ ಬಿಡತ್ತೆ. ಹೇನು ಇದರ ರಸ ಹೀರಿ ಹೋಗಿ ಕಪ್ಪು ಗಿಡಕ್ಕೆ ಬಾಯಿ ಹಾಕಿದ್ರೆ ಮುಗೀತು, ಅದು ತಡ್ಕೊಳ್ಳಲ್ಲ. ಔಷಧಿ ಇಲ್ಲಮ್ಮ. ಕೆಂಪನ್ನೆಲ್ಲ ಕಿತ್ತು ಸುಡಬೇಕು, ಬೇಲಿ ಆಚೆಗಿನದ್ದನ್ನೂ."

ತಂಗಿ ತನ್ನ ಬದಿಯ ಕೆಂಪು ಸಾಲನ್ನು, ರೋಗ ಬಿದ್ದ ಕಪ್ಪು ಗಿಡಗಳನ್ನು ಅಂದೇ ಕಿತ್ತಳು. ಆಮೇಲೆ ಅಣ್ಣನ ಮುಂದೆ ನಿಂತು, "ಇನ್ನೂ ಅರ್ಧ ತೋಟ ಹಸಿರಾಗಿದೆ ಅಣ್ಣಾ. ನಿನ್ನದನ್ನೂ ತೆಗೆದುಬಿಡು, ನಾನು ಉಳ್ಕೋತೀನಿ" ಎಂದಳು.

ಅವನು ನಕ್ಕ. "ಕಾಯಿಲೆ ಬಿದ್ದ ಗಿಡ ಹೀಗೆ ಹಣ್ಣು ಬಿಡತ್ತೇನೇ, ಹುಚ್ಚಿ? ನಿನ್ನ ಆರೈಕೆ ಸಾಲದು. ನಾನು ಬರ್ತೀನಿ ಬಿಡು."

ಹೇಳಿದಂತೆ ಬಂದ! ದಿನಾ ಬೆಳಗಾಗುವುದರೊಳಗೆ, ತನ್ನ ತೋಟದ ಎಲೆಗಳನ್ನು ಸವರಿಕೊಂಡು ಬಂದ ಅದೇ ಕೋಟಿನಲ್ಲಿ, ಅವಳ ಸಾಲುಗಳಿಗೆ ನುಗ್ಗುತ್ತಿದ್ದ. ಕರಕಲು ಕುಡಿ ಕತ್ತರಿಸಿದ, ಕಳೆ ತೆಗೆದ, ಹೇನಿಗೆಂದು ಸ್ವಂತ ದುಡ್ಡಿನಲ್ಲಿ ಔಷಧಿ ತಂದು ಹೊಡೆದ, ಒಂದು ಲೋಟ ನೀರನ್ನೂ ಅವಳಿಂದ ಕೇಳಲಿಲ್ಲ. ಬೆನ್ನು ಬಗ್ಗಿಸಿ ಬಿಟ್ಟಿ ದುಡಿಯುವವನನ್ನು ಹೊರಗೆ ಹೋಗೆನ್ನುವುದು ಹೇಗೆ? ಅಷ್ಟರಲ್ಲಿ ಉಳಿದರ್ಧವೂ ಹಳದಿಗೆ ತಿರುಗಿತು, ಜಾಮ್ ಮಾಡುವವರು ಬೇರೆ ತೋಟ ನೋಡಿಕೊಂಡರು. ಕೊನೆಯ ಬುಡಗಳನ್ನು ಅಗೆದು ತೆಗೆಯುವ ದಿನವೂ ಗುದ್ದಲಿ ಹಿಡಿದವನು ಅವನೇ. ಅಗೆಯುತ್ತ ಗಳಗಳನೆ ಅತ್ತ. ಆ ಅಳುವಿನಲ್ಲಿ ನಾಟಕವಿರಲಿಲ್ಲ, ಅದೇ ನನ್ನನ್ನು ರೇಗಿಸುವ ಸಂಗತಿ.

ಈಗ ಅವಳು ಅಣ್ಣನ ತೋಟದಲ್ಲೇ ಹಣ್ಣು ಕೀಳುತ್ತಾಳೆ. "ಬೇರೆಯವರ ಹತ್ರ ಯಾಕೆ ಕೈ ಚಾಚ್ತೀಯ, ನಾನು ಸತ್ತಿದ್ದೀನಾ?" ಎಂದು ಕರೆದುಕೊಂಡ; ಮಿಕ್ಕವರಿಗಿಂತ ಹೆಚ್ಚೇ ಕೂಲಿ ಕೊಡುತ್ತಾನೆ. ತೋಟ ನೋಡಲು ಬಂದವರಿಗೆ, ಅವಳು ಬುಟ್ಟಿ ಹಿಡಿದು ಪಕ್ಕದ ಸಾಲಿನಲ್ಲಿರುವಾಗಲೇ, ದನಿಯಲ್ಲಿ ಕರುಣೆ ತುಂಬಿಕೊಂಡು ಹೇಳುತ್ತಾನೆ: "ಪಾಪ, ನನ್ನ ತಂಗಿಗೆ ಕೈಗುಣ ಇಲ್ಲ. ಅದಕ್ಕೆ ಅವಳೇನು ಮಾಡ್ತಾಳೆ?"

"ಇಂಥ ಅಣ್ಣ ಸಿಗೋಕೆ ಪುಣ್ಯ ಮಾಡಿರಬೇಕಮ್ಮ" ಎನ್ನುತ್ತಾರೆ ಬಂದವರು. ಅವಳು ಹೌದೆನ್ನುತ್ತಾಳೆ.

ಇಂಥವರ ಸಂತತಿ ದೊಡ್ಡದು. ಕ್ರೂರಿಗಳಲ್ಲ, ಜಿಪುಣರಂತೂ ಅಲ್ಲವೇ ಅಲ್ಲ. ನಮಗಾಗಿ ಬೆವರು ಸುರಿಸುತ್ತಾರೆ, ಕಣ್ಣೀರೂ ಸುರಿಸುತ್ತಾರೆ, ನಾವು ಕೇಳಿದ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕೊಡುತ್ತಾರೆ. ತಾವು ಕೊಟ್ಟದ್ದರಿಂದಲೇ ಕೆಡುಕಾಯಿತೆಂದು ಒಪ್ಪುವುದಕ್ಕಿಂತ ನಮ್ಮ ಬದುಕು ಹಾಳಾಗುವುದೇ ಅವರಿಗೆ ಸಹ್ಯ. ಅವರನ್ನು ದೂರುವಂತೆಯೂ ಇಲ್ಲ. ದೂರಿದರೆ ಕೃತಘ್ನರೆನಿಸಿಕೊಳ್ಳುವವರು ನಾವೇ.