ಪುಟ್ಟಪ್ಪನ ಕಣ್ಣೂ ಸೀತಾಫಲದ ಸೊಪ್ಪೂ

ದನದ ಗಾಯಕ್ಕೆ ಹುಳ ಬಿತ್ತೆಂದರೆ ಬಳ್ಳಿಗಾವಿ ಕಡೆಯ ಆ ಊರಲ್ಲಿ ಮೊದಲು ನೆನಪಾಗುವವನು ಪುಟ್ಟಪ್ಪ. ಸೀತಾಫಲದ ಸೊಪ್ಪು ಅರೆದು ಗಾಯಕ್ಕೆ ತುಂಬುವುದು ಅವನ ಔಷಧ. ಅದೇ ಪುಟ್ಟಪ್ಪನಿಗೆ ಹಸುವಿನ ಕೊಂಬು ತಾಗಿ ಕಣ್ಣಿನ ಕೆಳಗೆ ಸೀಳಿತು. ಅರಿಶಿನ ಮೆತ್ತಿ, ಹೆಗಲ ಮೇಲಿದ್ದ ಟವೆಲನ್ನೇ ಕಟ್ಟಿಕೊಂಡು ಕೊಟ್ಟಿಗೆ ಕೆಲಸಕ್ಕೆ ಇಳಿದ. ಹೆಂಡತಿ ತಿಮ್ಮಮ್ಮ ಆಸ್ಪತ್ರೆ ಅಂದಾಗಲೆಲ್ಲ, ಊರ ದನದ ಗಾಯ ಮಾಯಿಸಿದವನಿಗೆ ಇದ್ಯಾವ ಲೆಕ್ಕ ಎಂದು ಬಾಯಿ ಮುಚ್ಚಿಸುತ್ತಿದ್ದ.

ಐದನೆಯ ದಿನ ಬೆಳಿಗ್ಗೆ, ಒಳಗೆ ಏನೋ ಹರಿದಾಡಿದ ಹಾಗಾಗುತ್ತದೆ ಎಂದ. ತಿಮ್ಮಮ್ಮ ಟವೆಲು ಬಿಚ್ಚಿದಳು. ಕೆಟ್ಟ ನಾತ. ಊದಿದ ರೆಪ್ಪೆಯಡಿ ಅನ್ನದ ಅಗುಳಿನಂಥದ್ದೇನೋ ಕಂಡಿತು. ಅಗುಳು ಅಲುಗಿತು. ಬದುಕಿರುವ ಮನುಷ್ಯನಿಗೂ ಹುಳ ಬೀಳುತ್ತದೆಯೇ?

"ಯಾರಿಗೂ ಹೇಳಬೇಡ, ಪಾಪದ ಫಲ ಅಂತಾರೆ. ಸೀತಾಫಲದ ಸೊಪ್ಪು ಅರೆದು ರಸ ತಾ" ಎಂದ ಪುಟ್ಟಪ್ಪ.

ತಿಮ್ಮಮ್ಮ ಅರೆದು ತಂದಳು. ಅವನು ಮುಖ ಮೇಲೆ ಮಾಡಿ ಕೂತಿದ್ದ. ಅಷ್ಟರಲ್ಲಿ ಸರ್ವೆಗೆಂದು ಬಂದ ಆಶಾ ಕಾರ್ಯಕರ್ತೆ ಕರುಣಾ ಅವಳ ಕೈ ಹಿಡಿದುಕೊಂಡಳು.

"ಬಿಡ್ರೀ ತಿಮ್ಮಕ್ಕ. ಆ ರಸ ಬಿದ್ದರೆ ಕಣ್ಣೇ ಸುಟ್ಟು ಹೋಗುತ್ತೆ."

"ದನಕ್ಕೆ ಆಗಿದ್ದು ನನಗಾಗಲ್ವೇನಮ್ಮ?" ಪುಟ್ಟಪ್ಪ ಗುರುಗುಟ್ಟಿದ.

"ನೀವು ಹಾಕಿದ್ದು ದನದ ಕಾಲಿಗೆ, ಮಾವ. ಯಾವತ್ತಾದರೂ ಕಣ್ಣಿಗೆ ಹಾಕಿದ್ದೀರಾ?"

ಪುಟ್ಟಪ್ಪ ಮೇಲೆತ್ತಿದ್ದ ಮುಖವನ್ನು ಕೆಳಗಿಳಿಸಿದ.

ಪಾಪಗೀಪ ಏನಿಲ್ಲ, ತೆರೆದ ಗಾಯದಲ್ಲಿ ನೊಣ ಮೊಟ್ಟೆ ಇಡುತ್ತದೆ, ಹುಳ ಮಾಂಸ ತಿನ್ನುತ್ತ ಒಳಕ್ಕೆ ಇಳಿಯುತ್ತದೆ ಎಂದು ಕರುಣಾ ಬಿಡಿಸಿ ಹೇಳಿದಳು. ಹುಳ ಕೀಳುವುದಕ್ಕೂ ಬಿಡದೆ, ಒಗೆದ ಬಟ್ಟೆ ಸಡಿಲವಾಗಿ ಮುಚ್ಚಿಸಿ, ಆಟೋ ಹತ್ತಿಸಿ ಶಿಕಾರಿಪುರದ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಚಿಮಟದಲ್ಲಿ ಇಪ್ಪತ್ತಮೂರು ಹುಳ ತೆಗೆದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇರುವುದೂ ಗೊತ್ತಾಯಿತು. ಗಾಯ ಮಾಯದಿದ್ದುದಕ್ಕೆ ಅದೂ ಒಂದು ಕಾರಣ. ದೃಷ್ಟಿ ಉಳಿದಿದೆಯೋ ಇಲ್ಲವೋ ಊತ ಇಳಿದ ಮೇಲೆ ನೋಡೋಣ ಎಂದರು.

ಮೂರನೆಯ ದಿನ ಪಟ್ಟಿ ಬಿಚ್ಚಿ, ಒಳ್ಳೆಯ ಕಣ್ಣನ್ನು ಮುಚ್ಚಿ, ಏನು ಕಾಣುತ್ತದೆ ಎಂದು ಕೇಳಿದರು. ಪುಟ್ಟಪ್ಪ ಪಕ್ಕದಲ್ಲಿ ನಿಂತಿದ್ದ ತಿಮ್ಮಮ್ಮನ ಕಡೆ ತಿರುಗಿದ.

"ತಿಮ್ಮಿ, ನಿನ್ನ ಉಗುರಲ್ಲಿ ಸೊಪ್ಪಿನ ಹಸಿರು ಇನ್ನೂ ಹೋಗಿಲ್ಲವಲ್ಲೇ" ಎಂದ.

ಅವಳು ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅತ್ತುಬಿಟ್ಟಳು.

ನಿಮ್ಮ ಮನೆಯವರ ಮುಖದ ಮೇಲೆ ಮಾಯದ ಗಾಯ ಇದೆಯೇ? ಸೋಪು ನೀರಲ್ಲಿ ಕೈ ತೊಳೆದು, ಇವತ್ತೇ ಗಾಯಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ ನೋಡಿ. ನೊಣ ಕೂರಲು ಬಿಡಬೇಡಿ. ಹುಳ ಕಂಡರೆ ಸೊಪ್ಪು, ಸೀಮೆಎಣ್ಣೆ ಏನನ್ನೂ ಹಾಕಬೇಡಿ. ನಾಚಿಕೊಂಡು ಕೂರಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.